ಸಣ್ಣ ಟ್ರಾಕ್ಟರು ಕೆಸರಿನಲ್ಲಿ ಜಾರದಂತೆ, ಮೂತಿ ಎತ್ತದಂತೆ

ಮೂರು ವರ್ಷದ ಹಿಂದೆ ಆಟಿ ತಿಂಗಳ ಒಂದು ಸಂಜೆ. ಬೈಲು ಗದ್ದೆಯ ಕೆಲಸ ಮುಗಿಸಿ ನನ್ನ 18 ಅಶ್ವಶಕ್ತಿಯ ಸಣ್ಣ ಟ್ರಾಕ್ಟರನ್ನು ಮೇಲಿನ ಬೆಟ್ಟು ಗದ್ದೆಗೆ ಹತ್ತಿಸುತ್ತಿದ್ದೆ. ಹಿಂದೆ ರೋಟಾವೇಟರ್ ಪೂರ್ತಿ ಎತ್ತಿಕೊಂಡಿತ್ತು. ಅಂಚು ಹತ್ತುವಾಗ ಸ್ಟೀರಿಂಗ್ ಒಮ್ಮೆಲೇ ಹಗುರವಾಯಿತು. "ಮುಂದಿನ್ ಚಕ್ರ ಮೇಲ್ ಬಂತ್ ಮಾರಾಯಾ, ಕ್ಲಚ್ ಮೆಟ್ಟ್!" ಎಂದು ಅಣ್ಣ ಕೂಗಿದ. ಮೆಟ್ಟಿದೆ. ಮೂತಿ ದಡ್ಡನೆ ಕೆಳಗೆ ಬಿತ್ತು. ಅವನು ಅಲ್ಲಿ ಇಲ್ಲದಿದ್ದರೆ ಗಾಡಿ ಹಿಂದಕ್ಕೆ ಮಗುಚಿ ನಾನು ಅಡಿಗಾಗುತ್ತಿದ್ದೆ.

ಅಲ್ಲಿಂದ ಈ ವಿಷಯದ ಬೆನ್ನು ಹಿಡಿದೆ. ಕುಂದಾಪುರ, ಬೈಂದೂರು, ಬ್ರಹ್ಮಾವರದಲ್ಲಿ ಕೋಣ-ಎತ್ತು ಹೋಗಿ ಟಿಲ್ಲರ್, ಸಣ್ಣ ಟ್ರಾಕ್ಟರ್ ಬಂದಿವೆ. ವರ್ಷಕ್ಕೆ 4000 ಮಿ.ಮೀ. ಹತ್ತಿರ ಮಳೆ ಬೀಳುವ ಊರು ನಮ್ಮದು. ಚಕ್ರ ಜಾರಿದರೆ ನಾವು ಇಂಜಿನ್ನಿಗೆ ಬೈಯುತ್ತೇವೆ. ಇಂಜಿನ್ನಿಗೆ ಶಕ್ತಿ ಉಂಟು, ಅದು ನೆಲಕ್ಕೆ ಮುಟ್ಟುವುದಿಲ್ಲ ಅಷ್ಟೆ.

ಮೊದಲು ಜಾರುವುದನ್ನು ಅಳೆಯಿರಿ

ಹಿಂದಿನ ಟಯರಿಗೆ ಸುಣ್ಣದಲ್ಲಿ ಒಂದು ಗೀಟು ಹಾಕಿ. ಉಪಕರಣ ಎತ್ತಿಕೊಂಡು, ಚಕ್ರ ಹತ್ತು ಸುತ್ತು ತಿರುಗುವಾಗ ಗಾಡಿ ಎಷ್ಟು ಅಡಿ ಹೋಯಿತು ನೋಡಿ. ಮತ್ತೆ ನೇಗಿಲು ಇಳಿಸಿ ಅದೇ ಹತ್ತು ಸುತ್ತು. ನನ್ನದು ಖಾಲಿಯಲ್ಲಿ 90 ಅಡಿ ಹೋಯಿತು, ಬೆಟ್ಟಿನಲ್ಲಿ ಉಳುವಾಗ 68 ಅಡಿ. ಅಂದರೆ ನೂರಕ್ಕೆ 24 ಪಾಲು ಜಾರಿಕೆ. ನೂರಕ್ಕೆ 10ರಿಂದ 15 ಇದ್ದರೆ ಒಳ್ಳೆಯದು. ಅದಕ್ಕಿಂತ ಮೇಲೆ ಹೋದಷ್ಟೂ ಡೀಸೆಲು, ಟಯರು ಎರಡೂ ಮಣ್ಣುಪಾಲು.

ಬೆಟ್ಟಿಗೆ ಭಾರ, ಬೈಲಿಗೆ ಅಗಲ

ಇಲ್ಲಿಯೇ ಹೆಚ್ಚಿನವರು ತಪ್ಪುವುದು, ನಾನೂ ತಪ್ಪಿದೆ. ಬೆಟ್ಟು ಗದ್ದೆಯಲ್ಲಿ ಕೆಸರಿನ ಅಡಿಗೆ ಮುರಕಲ್ಲಿನ ಗಟ್ಟಿ ನೆಲ ಬೇಗ ಸಿಗುತ್ತದೆ. ಅಲ್ಲಿ ಭಾರ ಹಾಕಿದರೆ ಟಯರಿನ ಹಲ್ಲು ಕಚ್ಚುತ್ತದೆ. ಬೈಲಿನಲ್ಲಿ ಕೋಲು ಊರಿದರೆ ಮೊಣಕಾಲಿನಿಂದ ಮೇಲೆಯೂ ಇಳಿಯುವ ಜಾಗ ಇರುತ್ತದೆ. ಅಲ್ಲಿ ಭಾರ ಹಾಕಿದರೆ ಗಾಡಿ ಇನ್ನಷ್ಟು ಹೂಳುತ್ತದೆ. ಅಂಥಲ್ಲಿಗೆ ಕೇಜ್‌ವೀಲ್ ಬೇಕು. ಅದು ಭಾರವನ್ನು ಅಗಲಕ್ಕೆ ಹಂಚಿ ಹೂಳದಂತೆ ತಡೆಯುತ್ತದೆ. ಹಾಗಾಗಿ ಗದ್ದೆಗೆ ಇಳಿಯುವ ಮೊದಲು ನಾಲ್ಕು ಕಡೆ ಕೋಲು ಊರಿ ನೋಡುವುದು ನನ್ನ ಅಭ್ಯಾಸ. ಕೇಜ್‌ವೀಲ್ ಹಾಕಿಕೊಂಡು ಟಾರು ರಸ್ತೆಯಲ್ಲಿ ಮಾತ್ರ ಹೋಗಬೇಡಿ, ಊರಿನವರ ಶಾಪ ಬೇಡ.

ಬೆಟ್ಟಿಗೆ ಭಾರ ಕೊಡಲು ಅಗ್ಗದ ದಾರಿ ಟಯರಿಗೆ ನೀರು ತುಂಬಿಸುವುದು. ಒಂದು ಲೀಟರಿಗೆ ಒಂದು ಕಿಲೋ. ಚಕ್ರವನ್ನು ಜಾಕಿನಲ್ಲಿ ಎತ್ತಿ, ವಾಲ್ವ್ ನೆತ್ತಿಗೆ ಬರುವಂತೆ ತಿರುಗಿಸಿ, ಒಳಗಿನ ಪಿನ್ ಬಿಚ್ಚಿ, ಎತ್ತರದಲ್ಲಿಟ್ಟ ಡ್ರಮ್ಮಿನಿಂದ ಪೈಪು ಕೊಡಿ. ಆಗಾಗ ಪೈಪು ತೆಗೆದು ಗಾಳಿ ಹೊರಗೆ ಬಿಡಬೇಕು. ವಾಲ್ವಿನಿಂದ ನೀರು ಚೆಲ್ಲಿದಾಗ ಟಯರು ಮುಕ್ಕಾಲು ತುಂಬಿದೆ ಎಂದು ಲೆಕ್ಕ. ಪೂರ್ತಿ ತುಂಬಿಸಬಾರದು, ಮೇಲೆ ಗಾಳಿ ಬೇಕು. ಆಮೇಲೆ ಕಂಪೆನಿಯ ಪುಸ್ತಕದಲ್ಲಿ ಹೇಳಿದಷ್ಟು ಗಾಳಿ ಹಿಡಿಸಿ. ಹಿಡಿತ ಸಿಗಲಿ ಎಂದು ಗಾಳಿ ತೀರಾ ಇಳಿಸಿದರೆ ಟಯರು ರಿಮ್ಮಿನ ಮೇಲೆ ಜಾರಿ ಟ್ಯೂಬಿನ ವಾಲ್ವ್ ಕಿತ್ತುಹೋಗುತ್ತದೆ.

ಹಿಮ ಬೀಳುವ ದೇಶಗಳಲ್ಲಿ ಇಂಥದೇ ಸಣ್ಣ ಟ್ರಾಕ್ಟರಿನಿಂದ ಅಂಗಳದ ಹಿಮ ತೆಗೆಯುತ್ತಾರೆ. ಅವರದೂ ಇದೇ ಗೋಳು, ಜಾರುವುದು. ಅವರು ಚಕ್ರಕ್ಕೆ ಸರಪಳಿ ಸುತ್ತುತ್ತಾರೆ. ಟಯರಿನ ನೀರು ಹೆಪ್ಪುಗಟ್ಟದಂತೆ ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಉಪ್ಪು ಬೆರೆಸುವುದೂ ಉಂಟು, ಅದು ತಾಗಿದರೆ ರಿಮ್ಮು ತುಕ್ಕು ಹಿಡಿಯುತ್ತದೆ. ನಮಗೆ ಆ ಗೊಡವೆ ಇಲ್ಲ, ಬಾವಿಯ ನೀರೇ ಸಾಕು.

ನೀರು ತುಂಬಿಸಿದ ಮೇಲೆ ಅದೇ ಬೆಟ್ಟಿನಲ್ಲಿ ಹತ್ತು ಸುತ್ತಿಗೆ 78 ಅಡಿ ಬಂತು. ಜಾರಿಕೆ 13ಕ್ಕೆ ಇಳಿಯಿತು.

ಮೂತಿ ಹಗುರಾದರೆ

ಹಿಂದೆ ಎಷ್ಟು ಭಾರ ತೂಗುತ್ತದೋ, ಮುಂದೆ ಅಷ್ಟು ಹಗುರ. ಎರಡು ಚಕ್ರ ಎಳೆಯುವ ಗಾಡಿಗೆ ಉಪಕರಣ ಎತ್ತಿದಾಗಲೂ ಒಟ್ಟು ಭಾರದ ಐದರಲ್ಲಿ ಒಂದು ಪಾಲಾದರೂ ಮುಂದಿನ ಚಕ್ರದ ಮೇಲೆ ಇರಬೇಕು. ಇಲ್ಲದಿದ್ದರೆ ಸ್ಟೀರಿಂಗ್ ತಿರುಗಿಸಿದರೂ ಗಾಡಿ ನೇರ ಹೋಗುತ್ತದೆ. ಮುಂದೆ ಕಬ್ಬಿಣದ ತೂಕ ಬೋಲ್ಟು ಹಾಕಿ ಕೂರಿಸಿ. ನಾನು ಮೊದಲು ಹೊಯಿಗೆ ಗೋಣಿ ಕಟ್ಟಿದ್ದೆ. ಹಗ್ಗ ಸಡಿಲಾಗಿ ಅದು ಚಕ್ರದ ಅಡಿಗೇ ಬಿತ್ತು! ಮುಂದಿನ ಟಯರಿನ ಗೀರು ಸವೆದಿದ್ದರೂ ಕೆಸರಿನಲ್ಲಿ ಮೂತಿ ತಿರುಗದು.

ಮೂಲೆಯಲ್ಲಿ ತಿರುಗಲು ಆ ಬದಿಯ ಬ್ರೇಕ್ ಮಾತ್ರ ಮೆಟ್ಟಿ. ರಸ್ತೆಗೆ ಬಂದ ಕೂಡಲೇ ಎರಡು ಪೆಡಲಿಗೂ ಕೊಂಡಿ ಹಾಕಬೇಕು. ಡಿಫರೆನ್ಷಿಯಲ್ ಲಾಕ್ ನೇರ ಹೋಗುವಾಗ ಮಾತ್ರ, ಅದೂ ಚಕ್ರ ನಿಲ್ಲಿಸಿ ಹಾಕಿ. ಲಾಕ್ ಬಿಡದೆ ತಿರುಗಿಸಲು ಹೋಗಬೇಡಿ.

ಅಂಚು ಹತ್ತುವಲ್ಲಿ ಮಣ್ಣು ಕಡಿದು ಇಳಿಜಾರು ಮಾಡಿ, ಉಪಕರಣವನ್ನು ನೆಲದ ಹತ್ತಿರಕ್ಕೆ ಇಳಿಸಿ, ಸಣ್ಣ ಗೇರಿನಲ್ಲಿ ನೇರವಾಗಿ ಹತ್ತಿ. ಕಡಿದಾಗಿದ್ದರೆ ಹಿಂದಕ್ಕೆ ಹತ್ತಿಸಿ. ಏನನ್ನಾದರೂ ಎಳೆಯುವಾಗ ಸರಪಳಿ ಯಾವಾಗಲೂ ಕೆಳಗಿನ ಕೊಕ್ಕೆಗೆ, ಟಾಪ್ ಲಿಂಕಿಗೆ ಬೇಡವೇ ಬೇಡ. ಹೂತುಹೋದ ಗಾಡಿಯ ಹಿಂದಿನ ಎರಡು ಚಕ್ರಕ್ಕೆ ಮರದ ತುಂಡು ಕಟ್ಟಿ ಎಬ್ಬಿಸುವವರನ್ನು ಕಂಡಿದ್ದೇನೆ. ಮರ ನೆಲಕ್ಕೆ ಕಚ್ಚಿ ಚಕ್ರ ತಿರುಗದಿದ್ದರೆ ಆ ಶಕ್ತಿ ಮೂತಿಯನ್ನೇ ಎತ್ತಿ ಹಿಂದಕ್ಕೆ ಮಗುಚುತ್ತದೆ. ಕೆಸರು ಅಗೆದು, ಹಲಗೆ ಕೊಟ್ಟು, ಇನ್ನೊಂದು ಗಾಡಿಯಲ್ಲಿ ಎಳೆಸಿ. ಅರ್ಧ ದಿನ ಹೋದರೆ ಹೋಗಲಿ.

ಟಿಲ್ಲರ್ ಇದ್ದವರಿಗೆ ಒಂದೇ ಮಾತು. ಟ್ರೈಲರ್ ಕಟ್ಟಿ ಇಳಿಜಾರು ಇಳಿಯುವಾಗ ಎಡ ಕ್ಲಚ್ ಹಿಡಿದರೆ ಗಾಡಿ ಬಲಕ್ಕೆ ತಿರುಗುತ್ತದೆ. ಇಳಿಯುವಾಗ ಕ್ಲಚ್ ಮುಟ್ಟದೆ ಹಿಡಿ ತಳ್ಳಿಯೇ ತಿರುಗಿಸಿ.

ಭತ್ತ ಕೊಯ್ದು ಹೊಯಿಗೆ ಗದ್ದೆಗೆ ನೆಲಗಡಲೆ ಹಾಕುವವರು ಅದಕ್ಕೆ ಮೊದಲು ಟಯರಿನ ನೀರು ಬಿಡುವುದು ಲೇಸು. ಅನಗತ್ಯ ಭಾರಕ್ಕೆ ಮಣ್ಣು ಒತ್ತಿದರೆ ಕಾಯಿ ಬಲಿಯುವುದು ಕಷ್ಟ. ಚಕ್ರ ಎತ್ತಿ, ವಾಲ್ವನ್ನು ಅಡಿಗೆ ತಂದು ಪಿನ್ ತೆಗೆದರೆ ನೀರು ಇಳಿಯುತ್ತದೆ.