ಉಪಾಧ್ಯಾಯಿನಿಯರ ಗೌರವಸಂಬೋಧನೆ: ಒಂದು ಶಬ್ದವಿಚಾರ

ಶಬ್ದವು ಅರ್ಥದ ವಾಹನ ಮಾತ್ರವಲ್ಲ. ಅದನ್ನು ಪ್ರಯೋಗಿಸುವ ಸಮಾಜದ ಮನೋಧರ್ಮಕ್ಕೆ ಹಿಡಿದ ಕನ್ನಡಿಯೂ ಹೌದು. ಶಾಲೆಯ ದಾಖಲೆಯಲ್ಲಿ ಉಪಾಧ್ಯಾಯರ ಹೆಸರಿನ ಹಿಂದೆ 'ಶ್ರೀ' ಎಂಬ ಒಂದೇ ಅಕ್ಷರ ಸಾಕಾಗುತ್ತದೆ. ಅವರು ಗೃಹಸ್ಥರೋ ಬ್ರಹ್ಮಚಾರಿಗಳೋ ಎಂದು ಯಾರೂ ವಿಚಾರಿಸುವುದಿಲ್ಲ. ಉಪಾಧ್ಯಾಯಿನಿಯ ಹೆಸರನ್ನು ಬರೆಯುವಾಗ ಮಾತ್ರ ಲೇಖನಿ ತಡೆದು ನಿಲ್ಲುತ್ತದೆ: 'ಕುಮಾರಿ'ಯೋ, 'ಶ್ರೀಮತಿ'ಯೋ? ವಿದ್ಯೆಗೆ ಸಂಬಂಧಿಸಿದ ಪತ್ರದಲ್ಲಿ ವಿವಾಹದ ವಿಚಾರಣೆ ಯುಕ್ತವೇ ಎಂಬುದು ಪರ್ಯಾಲೋಚಿಸತಕ್ಕ ವಿಷಯವಾಗಿದೆ.

ಪ್ರಾಚೀನ ವೈಯಾಕರಣರು ಈ ಸೂಕ್ಷ್ಮವನ್ನು ಅರಿತಿದ್ದರು. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ 4ನೆಯ ಅಧ್ಯಾಯದ ಮೊದಲ ಪಾದದ 49ನೆಯ ಸೂತ್ರದಂತೆ ಆಚಾರ್ಯನ ಪತ್ನಿ 'ಆಚಾರ್ಯಾನೀ'. ತಾನೇ ಶಾಸ್ತ್ರವನ್ನು ವ್ಯಾಖ್ಯಾನಿಸುವವಳಾದರೋ 'ಆಚಾರ್ಯಾ'. ಹಾಗೆಯೇ ಉಪಾಧ್ಯಾಯನ ಪತ್ನಿ 'ಉಪಾಧ್ಯಾಯಾನೀ'. ಸ್ವತಃ ಪಾಠ ಹೇಳುವವಳು 'ಉಪಾಧ್ಯಾಯಾ'. 'ಉಪಾಧ್ಯಾಯೀ' ಎಂಬ ರೂಪವೊಂದು ಮಾತ್ರ ಉಭಯಾರ್ಥಗಳಲ್ಲಿಯೂ ಸಲ್ಲುತ್ತದೆ. ಅಮರಕೋಶವೂ ಈ ವಿಭಾಗವನ್ನು ಎತ್ತಿ ಹಿಡಿದಿದೆ. ಪತಿಯಿಂದ ಬಂದ ಹೆಸರು ಬೇರೆ, ಪಾಂಡಿತ್ಯದಿಂದ ಬಂದ ಹೆಸರು ಬೇರೆ ಎಂಬುದೇ ಇದರ ತಾತ್ಪರ್ಯ. ಬೋಧಿಸುವ ಸ್ತ್ರೀಯರೇ ಇರದಿದ್ದಲ್ಲಿ ಪ್ರತ್ಯೇಕ ಶಬ್ದದ ಅಗತ್ಯವೇ ಬೀಳುತ್ತಿರಲಿಲ್ಲವಷ್ಟೆ!

'ಮಾಲಾ' ಎಂಬುದು ಕನ್ನಡದಲ್ಲಿ 'ಮಾಲೆ' ಆಗುವಂತೆ ಇವು 'ಆಚಾರ್ಯೆ', 'ಉಪಾಧ್ಯಾಯೆ' ಎಂದಾಗಬೇಕು. ಆದರೆ ರೂಢಿಯಲ್ಲಿ ನೆಲೆಗೊಂಡವು ಉಪಾಧ್ಯಾಯಿನಿ, ಶಿಕ್ಷಕಿ, ಅಧ್ಯಾಪಿಕೆ ಎಂಬ ರೂಪಗಳು. ರೂಢಿಯು ಬಲವತ್ತರವಾದುದರಿಂದ ಅವನ್ನು ಅಲ್ಲಗಳೆಯಬೇಕಾಗಿಲ್ಲ.

ಇನ್ನು 'ಶ್ರೀಮತಿ' ಎಂಬುದರ ವಿಚಾರ. ಇದು 'ಶ್ರೀಮಾನ್' ಎಂಬುದರ ಸ್ತ್ರೀಲಿಂಗ ರೂಪ. ಶ್ರೀಯುಳ್ಳವಳು ಎಂದಷ್ಟೇ ಅರ್ಥ. ಮಾಂಗಲ್ಯದ ಸುಳಿವು ಧಾತುವಿನಲ್ಲಿಯೂ ಇಲ್ಲ, ಪ್ರತ್ಯಯದಲ್ಲಿಯೂ ಇಲ್ಲ. ವಿವಾಹಿತೆಗೆ ಮಾತ್ರ ಎಂಬ ನಿಯಮವು ರೂಢಿಯಿಂದ ಬಂದುದು. ಹಳೆಯ ಪತ್ರಗಳಲ್ಲಿ ಸುಮಂಗಲಿಗೆ 'ಸೌ.', ವಿಧವೆಗೆ 'ಗಂ. ಭಾ.' ಎಂದು ಬರೆಯುವ ಪದ್ಧತಿಯಿತ್ತು. ಪತಿವಿಯೋಗವಾದೊಡನೆ ಹೆಸರಿನ ಮುಂದಣ ಅಕ್ಷರವೂ ಬದಲಾಗಬೇಕಾದ ಆ ಪದ್ಧತಿಯು ಎಷ್ಟು ಮನೆಗಳಲ್ಲಿ ದುಃಖವನ್ನು ಇಮ್ಮಡಿಸಿತೋ!

ಇಂಗ್ಲಿಷಿನಲ್ಲಿಯೂ ಇದೇ ತೊಡಕು. 'ಮಿಸ್', 'ಮಿಸೆಸ್' ಎರಡೂ 'ಮಿಸ್ಟ್ರೆಸ್' ಎಂಬ ಒಂದೇ ಮೂಲದಿಂದ ಹುಟ್ಟಿದವು. ಆ ಮೂಲಪದಕ್ಕೆ ಶಿಕ್ಷಕಿ ಎಂಬ ಅರ್ಥವೂ ಉಂಟು. ವಿವಾಹವನ್ನು ಸೂಚಿಸದ 'ಮಿಜ್' ಎಂಬ ರೂಪವನ್ನು ಅಮೆರಿಕದ ಸರ್ಕಾರಿ ಮುದ್ರಣಾಲಯವು ಅಂಗೀಕರಿಸಿದ್ದು 1972ರಲ್ಲಿ.

ಕನ್ನಡ ನಾಡಿಗಾದರೋ ಇಂತಹ ಪದವನ್ನು ಹೊಸದಾಗಿ ಕಡೆಯಬೇಕಾದ ಪ್ರಮೇಯವಿಲ್ಲ. 12ನೆಯ ಶತಮಾನದ ಮಹಾದೇವಿಯು 'ಅಕ್ಕ'ನೆಂದೇ ಪೂಜ್ಯಳಾದಳು. ಆ ಪದವು ಆಕೆಯ ಅನುಭಾವಕ್ಕೆ ಸಂದ ಗೌರವವೇ ಹೊರತು ಗೃಹಸ್ಥಿತಿಯ ಸೂಚನೆಯಲ್ಲ. ಉತ್ತರ ಕನ್ನಡದ ಹಳ್ಳಿಗಳ ಮಕ್ಕಳು ಶಿಕ್ಷಕಿಯನ್ನು 'ಅಕ್ಕೋರು' ಎಂದು ಕರೆಯುವಲ್ಲಿಯೂ ಅದೇ ಆದರವಿದೆ. 'ಗುರುಮಾತೆ' ಎಂಬ ಪದವೂ ಗುರುಪತ್ನಿಯೆಂಬ ಅರ್ಥವನ್ನು ದಾಟಿ ಬೋಧಕಿಗೆ ಸಲ್ಲುವಂತಾಗಿದೆ.

ಆದುದರಿಂದ ದಾಖಲೆಗಳಲ್ಲಿ ಎಲ್ಲ ಉಪಾಧ್ಯಾಯಿನಿಯರಿಗೂ 'ಶ್ರೀಮತಿ' ಎಂದು ಬರೆದರೆ ವ್ಯಾಕರಣಕ್ಕೆ ಭಂಗವಿಲ್ಲ. 'ಕುಮಾರಿ' ಎಂದೇ ಇರಲೆಂದು, ಅಥವಾ ಬಿರುದಿಲ್ಲದೆ ಹೆಸರಷ್ಟೇ ಸಾಕೆಂದು ಒಬ್ಬಾಕೆ ಬಯಸಿದರೆ ಅದೂ ಮಾನ್ಯವಾಗಬೇಕು. ಹೆಸರು ಯಾರದೋ, ಆಯ್ಕೆಯೂ ಅವರದೇ. ಆಕೆಯನ್ನು ಕೇಳಿ ಬರೆಯುವುದು ಆಡಳಿತದವರ ಕರ್ತವ್ಯ. ಕೇಳಿದಂತೆ ಕರೆಯುವುದು ಸಹೋದ್ಯೋಗಿಗಳ ಸೌಜನ್ಯ. ಅಕ್ಷರ ಕಲಿಸಿದವರ ಹೆಸರಿನ ಹಿಂದಿನ ಅಕ್ಷರಗಳು ಅವರ ಮನಸ್ಸನ್ನು ನೋಯಿಸದಿರಲಿ.