ಭೇದಿಯಾದಾಗ ನೀರು ನಿಲ್ಲಿಸಬೇಡಿ

ಕಳೆದ ಮಳೆಗಾಲದಲ್ಲಿ ನನ್ನ ತಮ್ಮನಿಗೆ ವಾಂತಿ-ಭೇದಿ ಶುರುವಾಯ್ತು. ನೀರು ಕೇಳಿದರೆ ಅಜ್ಜಿ ಕೊಡಲಿಲ್ಲ. “ಕುಡಿದಷ್ಟೂ ಹೋಗ್ತದೆ, ಸುಮ್ನಿರು ಮಗಾ” ಅಂದರು. ಸಂಜೆಯ ಹೊತ್ತಿಗೆ ಅವನ ಕಣ್ಣು ಗುಳಿಬಿದ್ದು, ನಾಲಿಗೆ ಒಣಗಿತ್ತು. ಆಶಾ ಅಕ್ಕ ಬಂದು ಅವನ ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರು. ಅದು ನಿಧಾನವಾಗಿ ಕೆಳಗಿಳಿಯಿತು. “ಮೈಯಲ್ಲಿ ನೀರು ಕಡಿಮೆಯಾಗಿದೆ” ಎಂದು ಓ.ಆರ್.ಎಸ್. ಪುಡಿ ಕಲಸಿ, ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಸುತ್ತಾ ಆಸ್ಪತ್ರೆಗೆ ಕರೆದೊಯ್ದರು. ಆಮೇಲೆ ನಾನು ಓದಿ, ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಭೇದಿಗೆ ಕಾರಣ ಹಲವು. ಅವುಗಳಲ್ಲಿ ಭಯಂಕರವಾದದ್ದು ಕಾಲರಾ. ಇದರ ಬ್ಯಾಕ್ಟೀರಿಯಾ ಕೊಳಕು ನೀರು, ಆಹಾರದಿಂದ ಕರುಳು ಸೇರಿ ವಿಷ ಬಿಡುತ್ತದೆ. ಈ ವಿಷವನ್ನು 1959ರಲ್ಲಿ ತೋರಿಸಿಕೊಟ್ಟವರು ಕಲ್ಕತ್ತೆಯ ವಿಜ್ಞಾನಿ ಶಂಭುನಾಥ ಡೇ. ವಿಷದಿಂದಾಗಿ ಕರುಳು ಮೈಯ ನೀರನ್ನೂ ಉಪ್ಪನ್ನೂ ಹೊರಗೆ ಸುರಿಸುತ್ತದೆ. ಆದರೆ ಸಕ್ಕರೆ, ಉಪ್ಪು ಜೊತೆಯಾಗಿ ಬಂದರೆ ಅದೇ ಕರುಳು ಎರಡನ್ನೂ ಒಳಕ್ಕೆ ಎಳೆದುಕೊಳ್ಳುತ್ತದೆ. ಅವುಗಳ ಹಿಂದೆ ನೀರೂ ಹೋಗುತ್ತದೆ.

1971ರ ಬಾಂಗ್ಲಾ ಯುದ್ಧದ ಸಮಯ. ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ನಿರಾಶ್ರಿತರಿಗೆ ಕಾಲರಾ ಹರಡಿತು. ನರಕ್ಕೆ ಹಾಕುವ ಸಲೈನ್ ಸಾಲದಾಯಿತು. ಆಗ ಡಾ. ದಿಲೀಪ್ ಮಹಲನೋಬಿಸ್ ಗ್ಲೂಕೋಸ್, ಉಪ್ಪು, ಸೋಡಾ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗಿಳಿಯಿತು! 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಬಂತು.

ಓ.ಆರ್.ಎಸ್. ಪೊಟ್ಟಣ ಸಿಗದಿದ್ದರೆ ಹೀಗೆ ಮಾಡಿ:
ಕುದಿಸಿ ಆರಿಸಿದ ನೀರು – 1 ಲೀಟರ್
ಸಕ್ಕರೆ – 6 ಟೀ ಚಮಚ (ಮಟ್ಟಸವಾಗಿ)
ಉಪ್ಪು – ಅರ್ಧ ಟೀ ಚಮಚ (ಮಟ್ಟಸವಾಗಿ)

ಉಪ್ಪು ಹೆಚ್ಚಾದರೆ ಅಪಾಯ. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಿ, ಉಳಿದರೆ ಚೆಲ್ಲಿ. ಊಟ ನಿಲ್ಲಿಸಬಾರದು. ಕೂಸಿಗೆ ಎದೆಹಾಲನ್ನೂ ನಿಲ್ಲಿಸಬಾರದು. ಮಕ್ಕಳಿಗೆ ಆಸ್ಪತ್ರೆಯಲ್ಲಿ ಸತು (ಜಿಂಕ್) ಮಾತ್ರೆ ಕೊಡುತ್ತಾರೆ. ಭೇದಿ ನಿಂತರೂ ಹೇಳಿದಷ್ಟು ದಿನ ನುಂಗಿಸಬೇಕು.

ಎಲ್ಲಾ ಭೇದಿಗೂ ಆ್ಯಂಟಿಬಯಾಟಿಕ್ ಬೇಕಿಲ್ಲ. ರಕ್ತಭೇದಿ, ಟೈಫಾಯ್ಡ್, ಜೋರಾದ ಕಾಲರಾಕ್ಕೆ ಡಾಕ್ಟರೇ ನೋಡಿ ಕೊಡುತ್ತಾರೆ. ಅಂಗಡಿಯಲ್ಲಿ ಕೇಳಿ ನುಂಗುವುದು, ಅರ್ಧಕ್ಕೆ ಬಿಡುವುದು ಎರಡೂ ತಪ್ಪು.

ಮಲದಲ್ಲಿ ರಕ್ತ, ಜೋರು ಜ್ವರ, ನಿಲ್ಲದ ವಾಂತಿ, ಉಚ್ಚೆ ಕಟ್ಟುವುದು, ಮಂಪರು – ಇವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ದಾರಿಯಲ್ಲೂ ಕುಡಿಸುತ್ತಿರಿ.

ನನ್ನ ತಮ್ಮ ಮೂರನೇ ದಿನ ಎದ್ದು ಆಡಿದ. ಈಗ ಕೇರಿಯಲ್ಲಿ ಯಾರಿಗೆ ಭೇದಿಯಾದರೂ ಅಜ್ಜಿಯೇ ಮೊದಲು “ನೀರು ಕೊಡ್ರಪ್ಪಾ” ಅಂತಾರೆ.