ಗಾಜಿನಲ್ಲಿ ಮೂಡಿದ ಹರಳು

ಕೈಜಾರಿದ ಗಾಜಿನ ಲೋಟ ನೆಲವನ್ನು ಮುಟ್ಟುವ ಮೊದಲೇ ಅದರ ಗತಿ ಏನೆಂಬುದನ್ನು ನಮ್ಮ ಮನಸ್ಸು ತೀರ್ಮಾನಿಸಿಬಿಟ್ಟಿರುತ್ತದೆ. 1950ರ ದಶಕದ ಮೊದಲ ವರ್ಷಗಳಲ್ಲಿ, ಅಮೆರಿಕದ ಕಾರ್ನಿಂಗ್ ಎಂಬ ಊರಿನ ಗಾಜಿನ ಕಾರ್ಖಾನೆಯ ಪ್ರಯೋಗಾಲಯದಲ್ಲಿ, ಡೊನಾಲ್ಡ್ ಸ್ಟೂಕಿ ಎಂಬ ರಸಾಯನ ವಿಜ್ಞಾನಿಯೂ ಹಾಗೆಯೇ ತೀರ್ಮಾನಿಸಿದ್ದಿರಬೇಕು. ಅವರು ಒಂದು ಗಾಜಿನ ಫಲಕವನ್ನು ಕುಲುಮೆಯಲ್ಲಿಟ್ಟು 600 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಲು ಬಯಸಿದ್ದರು. ಉಷ್ಣವನ್ನು ಹತೋಟಿಯಲ್ಲಿಡುವ ಉಪಕರಣ ಕೆಟ್ಟಿತ್ತು. ಕುಲುಮೆ 900 ಡಿಗ್ರಿಯನ್ನು ಮುಟ್ಟಿತ್ತು. ಗಾಜು ಕರಗಿ ಹರಿದು ಕುಲುಮೆಯೇ ಹಾಳಾಗಿರುತ್ತದೆಂದು ಬಗೆದು ಅವರು ಬಾಗಿಲು ತೆರೆದರು. ಫಲಕ ಕರಗಿರಲಿಲ್ಲ. ಇಟ್ಟ ಆಕಾರದಲ್ಲಿಯೇ ಇತ್ತು, ಆದರೆ ಹಾಲಿನಂತೆ ಬಿಳುಪಾಗಿತ್ತು. ಇಕ್ಕಳದಿಂದ ಹೊರಗೆಳೆಯುವಾಗ ಅದು ಜಾರಿ ನೆಲಕ್ಕೆ ಬಿತ್ತು. ಲೋಹದ ತಟ್ಟೆಯಂತೆ ಠಣ್ಣೆಂದಿತೇ ಹೊರತು ಒಡೆಯಲಿಲ್ಲ.

ಹೀಗಾದುದೇಕೆಂದು ತಿಳಿಯಬೇಕಾದರೆ ಗಾಜು ಎಂದರೇನೆಂಬುದನ್ನು ಮೊದಲು ನೋಡಬೇಕು. ಅಂಗಡಿಯಲ್ಲಿ ದೊರೆಯುವ ಕಲ್ಲುಸಕ್ಕರೆಯನ್ನೂ, ಮಕ್ಕಳು ಚೀಪುವ ಪಾರದರ್ಶಕವಾದ ಬಣ್ಣದ ಮಿಠಾಯಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಎರಡೂ ಹೆಚ್ಚುಕಡಿಮೆ ಸಕ್ಕರೆಯೇ. ಆದರೆ ಕಲ್ಲುಸಕ್ಕರೆಯಲ್ಲಿ ಅಣುಗಳು ಕ್ರಮವಾಗಿ ಸಾಲುಗೂಡಿ ನಿಂತಿವೆ; ಅದು ಹರಳು. ಮಿಠಾಯಿಯಲ್ಲಾದರೋ, ಬಿಸಿಪಾಕ ಬೇಗನೆ ಆರಿದುದರಿಂದ ಅಣುಗಳಿಗೆ ಸಾಲು ಸೇರಲು ಸಮಯ ಸಾಲದೆ, ಇದ್ದಲ್ಲಿಯೇ ಗಟ್ಟಿಯಾಗಿ ನಿಂತಿವೆ. ಮರಳು, ಸೋಡಾ, ಸುಣ್ಣದ ಕಲ್ಲುಗಳನ್ನು ಕರಗಿಸಿ ಆರಿಸಿದ ಗಾಜಿನ ಸ್ಥಿತಿಯೂ ಇದೇ. ಅದನ್ನು ಮತ್ತೆ ತಕ್ಕಷ್ಟು ಕಾಯಿಸಿದರೆ, ಅಂದು ದೊರೆಯದ ಸಮಯ ಅಣುಗಳಿಗೆ ಈಗ ದೊರೆಯುತ್ತದೆ, ಅವು ಹರಳುಗಟ್ಟತೊಡಗುತ್ತವೆ.

ಗಾಜುಗಾರರಿಗೆ ಇದು ಶತಮಾನಗಳ ಕಾಲ ಒಂದು ಪಿಡುಗಾಗಿತ್ತು. ಹರಳು ಕಾಣಿಸಿಕೊಂಡ ಗಾಜು ಮಸುಕಾಗುತ್ತದೆ, ಬಿರುಕು ಬಿಡುತ್ತದೆ. ಆದರೂ ಇದರಲ್ಲಿ ಗುಣವನ್ನು ಹುಡುಕಿದವರೊಬ್ಬರಿದ್ದರು. ಫ್ರಾನ್ಸಿನ ರೆಯೊಮೂರ್ ಎಂಬ ಪಂಡಿತರು ಗಾಜಿನ ಸೀಸೆಗಳನ್ನು ಮರಳು ಮತ್ತು ಜಿಪ್ಸಮ್ಮಿನ ಪುಡಿಯಲ್ಲಿ ಹುದುಗಿಸಿ, ದಿನಗಟ್ಟಲೆ ಕುಲುಮೆಯಲ್ಲಿಟ್ಟು, ಪಿಂಗಾಣಿಯಂತೆ ಬೆಳ್ಳಗಾಗಿಸಿದರು. 1739ರಲ್ಲಿ ಅದನ್ನು ಪ್ರಕಟಿಸಿದರು. ಚೀನಾದ ಪಿಂಗಾಣಿಗೆ ಯುರೋಪು ಮರುಳಾಗಿದ್ದ ಕಾಲವದು. ಆದರೆ ಅವರ ಸೀಸೆಗಳಿಗೆ ಬಲವಿರಲಿಲ್ಲ. ಹರಳುಗಳು ಗಾಜಿನ ಹೊರಮೈಯಿಂದ ಮಾತ್ರ ಹುಟ್ಟಿ, ಒಳಮುಖವಾಗಿ ಉದ್ದುದ್ದ ಬೆಳೆದು, ನಡುವೆ ಒಂದನ್ನೊಂದು ಸಂಧಿಸುತ್ತಿದ್ದವು. ಹಾಗೆ ಬೆಳೆದ ಒರಟು ಹರಳುಗಳ ಗಾಜು ಸುಲಭವಾಗಿ ಸೀಳುತ್ತದೆ. ರೆಯೊಮೂರರ ಊಹೆ ತಪ್ಪಾಗಿರಲಿಲ್ಲ. ಗಾಜಿನ ಒಡಲೊಳಗೆ ಹರಳಿನ ಬೀಜಗಳಿರಲಿಲ್ಲ, ಅಷ್ಟೆ.

ಬೀಜವೆಂದರೇನು? ಪಾಕ ಮಾಡುವ ಗೃಹಿಣಿಯರು ಇದನ್ನು ಬಲ್ಲರು. ಪಾತ್ರೆಯ ಅಂಚಿನಲ್ಲಿ ನಾಲ್ಕು ಕಾಳು ಸಕ್ಕರೆ ಕರಗದೆ ಉಳಿದು ಪಾಕಕ್ಕೆ ಬಿದ್ದರೆ ಸಾಕು, ಅವುಗಳ ಸುತ್ತ ಸಕ್ಕರೆ ಕೂಡಿಕೊಂಡು ಪಾಕವೆಲ್ಲ ಹರಳಾಗಿಬಿಡುತ್ತದೆ. (ಪಾಕಕ್ಕೆ ನಿಂಬೆರಸ ಹಿಂಡುವುದು ಇದನ್ನು ತಡೆಯುವುದಕ್ಕಾಗಿಯೇ.) ಸ್ಟೂಕಿಯವರ ಫಲಕದಲ್ಲಿ ಅಂಥ ಕಾಳುಗಳ ಕೆಲಸವನ್ನು ಬೆಳ್ಳಿ ಮಾಡಿತ್ತು. ಬೆಳಕಿನಿಂದ ಚಿತ್ರ ಮೂಡುವ ಗಾಜನ್ನು ತಯಾರಿಸಲು ಅವರು ಲಿಥಿಯಮ್ ಬೆರೆತ ಗಾಜಿಗೆ ಅತ್ಯಲ್ಪ ಬೆಳ್ಳಿಯನ್ನು ಸೇರಿಸಿದ್ದರು. ಕುಲುಮೆ ಕಾಯುತ್ತ ಹೋದಂತೆ ಬೆಳ್ಳಿಯ ಪರಮಾಣುಗಳು ಗಾಜಿನ ಒಡಲಿನಲ್ಲೆಲ್ಲ ಗುಂಪುಗೂಡಿ ಲೆಕ್ಕವಿಲ್ಲದಷ್ಟು ಬೀಜಕಣಗಳಾದವು. ಉಷ್ಣ ಇನ್ನೂ ಏರಿದಾಗ ಪ್ರತಿಯೊಂದು ಕಣದ ಸುತ್ತಲೂ ಹರಳು ಬೆಳೆಯಿತು. ಬೆಳೆದ ಹರಳುಗಳೇ ಫಲಕವನ್ನು ಕರಗಲು ಬಿಡದೆ ಎತ್ತಿಹಿಡಿದವು.

ಕೆಟ್ಟ ಉಪಕರಣ ತಿಳಿಯದೆ ಮಾಡಿದ ಈ ಕೆಲಸವನ್ನು ಇಂದು ತಿಳಿದು ಮಾಡುತ್ತಾರೆ. ಇದರ ಗುಟ್ಟಿರುವುದು ಎರಡು ಹಂತದ ಕಾವಿನಲ್ಲಿ. ಬೀಜ ಹುಟ್ಟುವುದಕ್ಕೆ ಒಂದು ಕಾವು ಬೇಕು, ಹರಳು ಬೆಳೆಯುವುದಕ್ಕೆ ಬೇರೊಂದು. ಕಾವು ತೀರ ಹೆಚ್ಚಾದರೆ ಅಣುಗಳ ಚಲನೆಯೇನೋ ಚುರುಕಾಗಿರುತ್ತದೆ. ಆದರೆ ಎಳೆಯ ಬೀಜಗಳು ಹುಟ್ಟಿದೊಡನೆ ಮತ್ತೆ ಕದಡಿಹೋಗುತ್ತವೆ. ಕಾವು ಕಡಿಮೆಯಿದ್ದರೆ ಬೀಜಗಳು ನಿಲ್ಲುತ್ತವೆ. ಆದರೆ ಗಾಜು ಬಿಗಿದುಕೊಂಡಿರುವುದರಿಂದ ಅವು ಬೆಳೆಯಲಾರವು. ಆದುದರಿಂದ ಮೊದಲು ಮಿತವಾದ ಕಾವಿನಲ್ಲಿ ಸಾಕಷ್ಟು ಹೊತ್ತು ಇರಿಸಿ ಬೀಜಗಳನ್ನು ಹುಟ್ಟಿಸಬೇಕು; ಅನಂತರ ಉಷ್ಣವನ್ನು ಏರಿಸಿ ಹರಳುಗಳನ್ನು ಬೆಳೆಸಬೇಕು. ಮೊದಲ ಹಂತದಲ್ಲಿ ಅವಸರಪಟ್ಟರೆ ಕೆಲವೇ ಹರಳುಗಳು ಹುಟ್ಟಿ ದಪ್ಪಗೆ ಬೆಳೆದು, ರೆಯೊಮೂರರ ಸೀಸೆಯ ಪಾಡೇ ಆಗುತ್ತದೆ. ಬೀಜಗಳು ಹೇರಳವಾಗಿದ್ದರೆ ಯಾವ ಹರಳಿಗೂ ಹೆಚ್ಚು ಬೆಳೆಯಲು ಎಡೆಯಿರುವುದಿಲ್ಲ. ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ಅಗಲದ ಹರಳುಗಳು ಒತ್ತಾಗಿ ತುಂಬಿದರೆ ಒಂದು ಘನ ಸೆಂಟಿಮೀಟರಿನಲ್ಲಿ ಅವುಗಳ ಸಂಖ್ಯೆ ಒಂದು ಲಕ್ಷ ಕೋಟಿಯಾಗುತ್ತದೆ! ಸಾಮಾನ್ಯ ಗಾಜಿನಲ್ಲಿ ಒಮ್ಮೆ ಹೊರಟ ಬಿರುಕಿಗೆ ತಡೆಯೆಂಬುದಿಲ್ಲ. ಇಲ್ಲಿಯಾದರೋ ಹೆಜ್ಜೆಹೆಜ್ಜೆಗೂ ಹರಳು ಅಡ್ಡ ಬಂದು, ಬಿರುಕು ಸುತ್ತಿ ಬಳಸಿ ಸಾಗಬೇಕಾಗುತ್ತದೆ.

ಬೆಳ್ಳಿಗೆ ಬದಲಾಗಿ ಟೈಟೇನಿಯಮ್ ಡೈಆಕ್ಸೈಡನ್ನು ಬೀಜಕ್ಕೆ ಬಳಸಿ ಸ್ಟೂಕಿಯವರು ರೂಪಿಸಿದ ಪೈರೋಸೆರಾಮ್ ಎಂಬ ವಸ್ತು 1957ರಲ್ಲಿ ಪ್ರಕಟವಾಯಿತು. ಕ್ಷಿಪಣಿಗಳ ಮೂತಿಗೂ, ಒಲೆಯ ಮೇಲಿಡುವ ಅಡುಗೆಯ ಪಾತ್ರೆಗಳಿಗೂ ಈ ಬಗೆಯ ವಸ್ತು ಒದಗಿತು. ಇದನ್ನು ಗಾಜು-ಸೆರಾಮಿಕ್ ಎಂದು ಕರೆಯುತ್ತಾರೆ. ಇಂದು ದಂತವೈದ್ಯರು ಸವೆದ ಹಲ್ಲಿಗೆ ತೊಡಿಸುವ ಕವಚಗಳಲ್ಲಿ ಕೆಲವು ಸ್ಟೂಕಿಯವರ ಫಲಕದಂತೆಯೇ ಲಿಥಿಯಮ್ ಸಿಲಿಕೇಟಿನವು. ಅರ್ಧ ಹರಳುಗಟ್ಟಿದ ಮೆದುವಾದ ಗಟ್ಟಿಯನ್ನು ಮೊದಲು ಹಲ್ಲಿನ ಆಕಾರಕ್ಕೆ ಕೊರೆದು, ಬಳಿಕ ಸುಮಾರು 850 ಡಿಗ್ರಿಯಲ್ಲಿ ಕಾಯಿಸುತ್ತಾರೆ. ಆಗ ಹೊಸ ಹರಳುಗಳು ಹೆಣೆದುಕೊಂಡು ಅದು ಅಗಿಯುವ ಬಲವನ್ನು ಪಡೆಯುತ್ತದೆ.

ದೂರದರ್ಶಕದ ಕನ್ನಡಿಗೆ ಬೇಕಾದುದು ಬೇರೆಯೇ ಗುಣ. ಚಳಿಗೆ ಕುಗ್ಗಿ ಬಿಸಿಲಿಗೆ ಹಿಗ್ಗುವ ಕನ್ನಡಿಯಲ್ಲಿ ನಕ್ಷತ್ರದ ಬಿಂಬ ಕೆಡುತ್ತದೆ. ಜರ್ಮನಿಯಲ್ಲಿ ತಯಾರಾಗುವ ಜೆರೋಡೂರ್ ಎಂಬ ಗಾಜು-ಸೆರಾಮಿಕ್ಕಿನಲ್ಲಿ, ಕಾವಿಗೆ ಕುಗ್ಗುವ ವಿಚಿತ್ರ ಸ್ವಭಾವದ ಹರಳುಗಳನ್ನು ಬೆಳೆಸುತ್ತಾರೆ. ಉಳಿದ ಗಾಜು ಹಿಗ್ಗಿದಷ್ಟು ಇವು ಕುಗ್ಗುವುದರಿಂದ ಒಟ್ಟು ಗಾತ್ರ ಬದಲಾಗದೆ ನಿಲ್ಲುತ್ತದೆ. ಹರಳುಗಟ್ಟುವಾಗ ಶಾಖ ಬಿಡುಗಡೆಯಾಗುತ್ತದೆ. ಅವಸರಪಟ್ಟರೆ ಆ ಶಾಖವೇ ಒಳಗೆ ಸೇರಿ ಬಿಲ್ಲೆಯನ್ನು ಸೀಳೀತು. ಆದುದರಿಂದ ದೊಡ್ಡ ಬಿಲ್ಲೆಗಳನ್ನು ತಿಂಗಳುಗಟ್ಟಲೆ ಕುಲುಮೆಯಲ್ಲಿಟ್ಟು ಕಾಯುತ್ತಾರೆ. ತಮಿಳುನಾಡಿನ ಕಾವಲೂರಿನಲ್ಲಿ 1986ರಿಂದ ಆಕಾಶವನ್ನು ನೋಡುತ್ತಿರುವ ವೇಣು ಬಾಪು ದೂರದರ್ಶಕದ 2.34 ಮೀಟರ್ ಅಗಲದ ಕನ್ನಡಿ ಇಂಥ ಜೆರೋಡೂರಿನದು. ಅದನ್ನು ಉಜ್ಜಿ ನಯಗೊಳಿಸಿದುದು ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆಯ ಕಾರ್ಯಾಗಾರದಲ್ಲಿ.